ದುಡಿಯುವ ಕೈಕಾಲಿಗೊಂದು ಕಾರ್ಡು

ವಿಜಯಪುರ ಜಿಲ್ಲೆಯ ಮನಗೂಳಿ, ಬಸವನ ಬಾಗೇವಾಡಿ ಕಡೆಯ ಗೌಂಡಿಗಳಿಗೂ ಹೊಲದ ಕೂಲಿಯವರಿಗೂ ಕೈಕಾಲೇ ಬಂಡವಾಳ. ನಲವತ್ತೈದರ ವಯಸ್ಸಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋದರೆ ದುಡಿಯುವವನ ಕೂಲಿಯೂ ಹೋಯಿತು, ಅವನನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದ ಹೆಂಡತಿಯ ಕೂಲಿಯೂ ಹೋಯಿತು. ಇಂಥ ಮನೆಗಳ ತನಕ ಆರೋಗ್ಯ ವಿಮೆ ಬಂದು ತಲುಪಲು ಬಹಳ ಕಾಲ ಹಿಡಿಯಿತು.

ಮೊದಲು ಸಿಕ್ಕಿದ್ದು ಕಾರ್ಖಾನೆ ಕಾರ್ಮಿಕರಿಗೆ. 1948ರ ನೌಕರರ ರಾಜ್ಯ ವಿಮಾ (ಇಎಸ್‌ಐ) ಕಾಯ್ದೆ ಚಿಕಿತ್ಸೆಯ ಜೊತೆಗೆ ಕೂಲಿಯ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಿತು. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ 70, ಕೆಲಸದಲ್ಲಿ ಪೆಟ್ಟಾಗಿ ದುಡಿಯಲಾಗದೆ ಹೋದರೆ ಶೇ 90 ಸಿಗುತ್ತದೆ. ಆದರೆ ಹಾಜರಿ ಪುಸ್ತಕವೇ ಇಲ್ಲದ ಹೊಲಕ್ಕೆ ಈ ಕಾಯ್ದೆ ಬರಲಿಲ್ಲ.

ರೈತರಿಗೆ ದಾರಿ ತೆರೆದದ್ದು ಸಹಕಾರ ಸಂಘ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸೊಸೈಟಿ ಕಟ್ಟಿದ್ದು ಸಾಲಕ್ಕಾಗಿ. ಸುಮಾರು ನೂರು ವರ್ಷಗಳ ಮೇಲೆ ಅದೇ ಸದಸ್ಯತ್ವ ವಿಮೆಯ ಬುನಾದಿಯಾಯಿತು. ಹೃದ್ರೋಗ ತಜ್ಞ ಡಾ. ದೇವಿ ಶೆಟ್ಟಿಯವರ ಆಲೋಚನೆಗೆ ಎಸ್.ಎಂ. ಕೃಷ್ಣ ಸರಕಾರ ಕೈಜೋಡಿಸಿ 2003ರಲ್ಲಿ ಯಶಸ್ವಿನಿ ವಿಮಾ ಯೋಜನೆಯನ್ನು ಜಾರಿಗೆ ತಂದಿತು. ಸದಸ್ಯ ಕಟ್ಟಬೇಕಿದ್ದದ್ದು ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ 60. ಮೊದಲ ವರ್ಷವೇ ಸುಮಾರು 16 ಲಕ್ಷ ಮಂದಿ ಸೇರಿದರು. ಶಸ್ತ್ರಚಿಕಿತ್ಸೆಗಳ ಜೊತೆಗೆ ಹಾವು ಕಡಿತ, ಎತ್ತು ಹಾಯ್ದ ಗಾಯ, ಒಕ್ಕಲುತನದ ಯಂತ್ರಕ್ಕೆ ಸಿಕ್ಕಿ ಆದ ಪೆಟ್ಟುಗಳೂ ಅದರಲ್ಲಿದ್ದವು. ಹಳ್ಳಿಯ ಬದುಕನ್ನು ಬಲ್ಲವರು ಮಾಡಿದ ಪಟ್ಟಿ ಅದು. ಆದರೂ ಸೊಸೈಟಿಯ ಸದಸ್ಯತ್ವವಿಲ್ಲದ ಭೂಹೀನ ಕೂಲಿಕಾರ ಹೊರಗೇ ಉಳಿದ.

ಅವನನ್ನು ಒಳಗೆ ಕರೆದದ್ದು ವಾಜಪೇಯಿ ಆರೋಗ್ಯಶ್ರೀ ಯೋಜನೆ. ಬಿಪಿಎಲ್ ಕಾರ್ಡಿದ್ದರೆ ಸಾಕು, ಕಂತು ಕಟ್ಟಬೇಕಿರಲಿಲ್ಲ. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ಮಿದುಳು ನರ, ಸುಟ್ಟಗಾಯ, ಅಪಘಾತಗಳಿಗೆ ದೊಡ್ಡ ಆಸ್ಪತ್ರೆಯಲ್ಲಿ ನಗದಿಲ್ಲದ ಚಿಕಿತ್ಸೆ. 2010ರಲ್ಲಿ ಅದು ಮೊದಲು ಬಂದದ್ದು ಉತ್ತರ ಕರ್ನಾಟಕಕ್ಕೆ, ದಕ್ಷಿಣಕ್ಕೆ ಹೋದದ್ದು 2012ರಲ್ಲಿ. ಹೊಸದೆಲ್ಲ ಬೆಂಗಳೂರಿನ ಸುತ್ತ ಸುತ್ತಿ ಕೊನೆಗೆ ಇತ್ತ ಬರುವುದನ್ನೇ ಕಂಡ ನಮ್ಮ ಭಾಗಕ್ಕೆ ಇದು ಅಪರೂಪ. ಈ ಎರಡು ವರ್ಷಗಳ ಅಂತರವನ್ನೇ ಹಿಡಿದು ಸಂಶೋಧಕರು ಉತ್ತರ-ದಕ್ಷಿಣ ಭಾಗಗಳ ಗಡಿಯ ಆಚೀಚೆಯ 572 ಹಳ್ಳಿಗಳನ್ನು ಹೋಲಿಸಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವರದಿಯಂತೆ, ಯೋಜನೆ ಇದ್ದ ಕಡೆಯ ಬಡ ಕುಟುಂಬಗಳಲ್ಲಿ ಆ ಕಾಯಿಲೆಗಳಿಂದಾದ ಸಾವು ಶೇ 64ರಷ್ಟು ಕಡಿಮೆ. ಉಚಿತ ಯೋಜನೆಗಳನ್ನು ಹಳಿಯುವವರು ಈ ಅಂಕಿಯ ಮುಂದೆ ಒಂದು ಗಳಿಗೆ ನಿಲ್ಲಬೇಕು.

2018ರಲ್ಲಿ ಯೋಜನೆಗಳೆಲ್ಲ ಸೇರಿ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕವಾಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಅದರಲ್ಲಿ ಕರಗಿಹೋಗಿದ್ದ ಯಶಸ್ವಿನಿ 2023ರಲ್ಲಿ ಮತ್ತೆ ಬಂತು.

ಜೀವ ಉಳಿಸಲು ಹಣ ಸಿಕ್ಕಿತು. ದುಡಿಮೆ ಉಳಿಸಲು? ಈ ಕಾರ್ಡುಗಳೆಲ್ಲ ಎಚ್ಚರಗೊಳ್ಳುವುದು ರೋಗಿ ಹಾಸಿಗೆ ಹಿಡಿದ ಮೇಲೆ. ಲಕ್ವಾ ತರುವ ಬಿಪಿಗೆ ಬೇಕಾದದ್ದು ದಿನಕ್ಕೊಂದು ಗುಳಿಗೆ, ಸಕ್ಕರೆ ಕಾಯಿಲೆಯವರ ಕಾಲು ಉಳಿಯಲು ಬೇಕಾದದ್ದು ವೇಳೆಗೆ ಪರೀಕ್ಷೆ. ಎರಡೂ ಕಾರ್ಡಿನ ಹೊರಗಿವೆ. ಬೆರಳ ಗಾಯ ಕೊಳೆತು ಕಾಲು ಕತ್ತರಿಸುವ ದಿನ ಬಂದಾಗ ಮಾತ್ರ ವಿಮೆ ಹಣ ಕೊಡುತ್ತದೆ. ಆಮೇಲಿನ ತಿಂಗಳುಗಟ್ಟಲೆ ಫಿಜಿಯೋಥೆರಪಿ, ವಿಜಯಪುರಕ್ಕೆ ಹೋಗಿಬರುವ ಬಸ್ ಖರ್ಚು, ತಪ್ಪಿದ ಕೂಲಿ ಎಲ್ಲವೂ ಮನೆಯವರ ಮೇಲೆಯೇ. 1948ರಲ್ಲಿ ಕಾರ್ಖಾನೆಯವನಿಗೆ ಒಪ್ಪಿದ ಕೂಲಿನಷ್ಟದ ಮಾತನ್ನು ಹೊಲದವನಿಗೆ ಇನ್ನೂ ಯಾರೂ ಆಡಿಲ್ಲ. ಈ ಅನ್ಯಾಯ ಸಣ್ಣದಲ್ಲ.

ಈಚೆಗೆ ಸರಕಾರದ ಗಮನ ರೋಗ ಬರುವ ಮೊದಲಿನ ಹೆಜ್ಜೆಗಳ ಕಡೆ ತಿರುಗಿದೆ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದವರ ಬಿಪಿ, ಸಕ್ಕರೆಯನ್ನು ಮನೆಗೇ ಬಂದು ನೋಡಿ ಔಷಧ ಕೊಡುವ ಏರ್ಪಾಡಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯಿಂದ ಗೋವಾ, ಮಹಾರಾಷ್ಟ್ರಕ್ಕೆ ಗುಳೆ ಹೋಗುವವರು ಈ ಯೋಜನೆಯಿಂದ ತಪ್ಪಿಹೋಗದಂತೆ ನೋಡಿಕೊಳ್ಳುವುದು ಆರೋಗ್ಯ ಇಲಾಖೆಯ ಕೆಲಸ. ನಮ್ಮ ಕೆಲಸವೂ ಒಂದಿದೆ. ಮೂವತ್ತು ದಾಟಿದವರು ಹತ್ತಿರದ ಸರಕಾರಿ ದವಾಖಾನೆಯಲ್ಲಿ ಬಿಪಿ, ಸಕ್ಕರೆ ತೋರಿಸಿಕೊಳ್ಳಿ. ಆರಾಮ ಅನಿಸಿತೆಂದು ಗುಳಿಗೆ ಬಿಡಬೇಡಿ. ಬಾಯಿ ಸೊಟ್ಟಗಾದರೆ, ಕೈ ಜೋಮು ಹಿಡಿದು ಕೆಳಗೆ ಬಿದ್ದರೆ, ಮಾತು ತೊದಲಿದರೆ ಬೆಳಗಾಗಲಿ ಎಂದು ಕಾಯದೆ ಆ ಕ್ಷಣವೇ 108ಕ್ಕೆ ಫೋನ್ ಮಾಡಿ. ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದಿಗೆ ಇರುವ ಸಮಯ ನಾಲ್ಕೂವರೆ ತಾಸು ಮಾತ್ರ.