ಯಂತ್ರದೊಳಗಿನ ಮಿದುಳು

ಗೋಪಾಳದಲ್ಲಿ ನಮ್ಮ ಮನೆಯ ಸಮೀಪದಲ್ಲಿಯೇ ನನ್ನ ಹಳೆಯ ಸಹೋದ್ಯೋಗಿಯೊಬ್ಬರಿದ್ದಾರೆ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಗಣಿತ ಕಲಿಸಿದವರು. ಈಗ ಕೆಲವು ಸಂಜೆ ಹೆಂಡತಿಯ ಹೆಸರೂ ಅವರ ನೆನಪಿಗೆ ಬಾರದು. ಮೊನ್ನೆ ಆಕೆ ನನ್ನನ್ನು ಕೇಳಿದರು: “ಮೇಷ್ಟ್ರೇ, ಮಿದುಳನ್ನೇ ಕಂಪ್ಯೂಟರಿನಲ್ಲಿ ಕಟ್ಟುತ್ತಾರಂತೆ, ಕೋಟಿಗಟ್ಟಲೆ ದುಡ್ಡು ಸುರಿಯುತ್ತಾರಂತೆ. ಅದರಿಂದ ಇವರಿಗೇನಾದರೂ ಆದೀತೆ?” ಶ್ರೋತೃಗಳ ಮುಂದೆ ಇಂದು ಅದೇ ಪ್ರಶ್ನೆಯನ್ನು ಇಡುತ್ತಿದ್ದೇನೆ.

ಕಟ್ಟುವುದೆಂದರೇನು? ತುಂಗಾ ನಾಲೆಯ ತೂಬನ್ನು ನೋಡಿದವರಿಗೆ ಇದು ಕಷ್ಟವಲ್ಲ. ನರಕೋಶದ ಪೊರೆಯಲ್ಲಿ ಅತಿ ಸೂಕ್ಷ್ಮವಾದ ತೂಬುಗಳಿವೆ. ಅವುಗಳಲ್ಲಿ ಹರಿಯುವುದು ನೀರಲ್ಲ, ಸೋಡಿಯಂ, ಪೊಟ್ಯಾಸಿಯಂಗಳ ವಿದ್ಯುದಂಶವುಳ್ಳ ಕಣಗಳು. ನಾಲೆಯ ತೂಬೆತ್ತಲು ನೀರುಗಂಟಿ ಬೇಕು. ಇಲ್ಲಿ ಪೊರೆಯ ಒಳಹೊರಗಿನ ವಿದ್ಯುತ್ತಿನ ಅಂತರವೇ ತೂಬನ್ನು ತೆರೆಯುತ್ತದೆ, ತೆರೆದ ತೂಬು ಪಕ್ಕದ್ದನ್ನು ತೆರೆಸುತ್ತದೆ. ಸಂಕೇತ ಸಾಗುವುದು ಹೀಗೆ. ಹಾಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ಆಂಗ್ಲ ವಿಜ್ಞಾನಿಗಳು ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನಲ್ಲಿ ಈ ಹರಿವನ್ನು ಅಳೆದು, 1952ರಲ್ಲಿ ಅದಕ್ಕೆ ಸಮೀಕರಣಗಳನ್ನು ಕೊಟ್ಟರು. ಕೇಂಬ್ರಿಜಿನ ಗಣಕಯಂತ್ರ ದೊರೆಯದಿದ್ದುದರಿಂದ ಹಕ್ಸ್‌ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರವನ್ನೇ ವಾರಗಟ್ಟಲೆ ತಿರುವಿದರಂತೆ! ಅಳತೆ ಮೊದಲು, ಲೆಕ್ಕ ಆಮೇಲೆ. ಈ ಕ್ರಮ ನಮ್ಮ ನೆನಪಿನಲ್ಲಿರಲಿ.

ಇಂದಿನ ಯಂತ್ರಗಳು ಅಂಥ ಸಾವಿರಾರು ಕೋಶಗಳ ಲೆಕ್ಕವನ್ನು ಒಟ್ಟಿಗೆ ಮಾಡಬಲ್ಲವು. ಕೋಶಕೋಶಗಳ ನಡುವಿನ ಬೆಸುಗೆ ಸಡಿಲವಾದರೆ ನೆನಪಿಗೆ ಏನಾದೀತು ಎಂದು ಬದುಕಿರುವವರ ತಲೆಯೊಳಗೆ ಪ್ರಯೋಗ ಮಾಡಲಾಗದು, ಯಂತ್ರದಲ್ಲಿ ಮಾಡಬಹುದು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಉಪಿಂದರ್ ಭಲ್ಲಾ ಮತ್ತು ಸಂಗಡಿಗರು ರೂಪಿಸಿದ ‘ಮೂಸ್’ ಎಂಬ ಕ್ರಮವಿಧಿ ಇಂಥದ್ದು. ಅಣುಗಳ ರಾಸಾಯನಿಕ ಕ್ರಿಯೆಯಿಂದ ನರಕೋಶಗಳ ಜಾಲದವರೆಗೆ ಅದು ಲೆಕ್ಕ ಹಾಕುತ್ತದೆ. ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. ಇಂಥ ಸಾಧನಗಳಿಗೆ ಕೆರೆಯ ಏರಿಯಂತೆ ಸದಾ ದುರಸ್ತಿ ಬೇಕು. ದುರಸ್ತಿಗೆ ಹಣ ಕೇಳುವುದು ಕಟ್ಟಡಕ್ಕೆ ಕೇಳುವುದಕ್ಕಿಂತ ಕಷ್ಟವೆಂಬುದು ಸರ್ಕಾರಿ ನೌಕರಿ ಮಾಡಿದವರಿಗೆಲ್ಲ ಗೊತ್ತು.

ಯೂರೋಪಿನಲ್ಲಿ ಮಾತು ಇನ್ನೂ ದೊಡ್ಡದಾಗಿತ್ತು. ಇಡೀ ಮಾನವ ಮಿದುಳನ್ನೇ ಅನುಕರಿಸುವ ಆಸೆಯೊಂದಿಗೆ 2013ರಲ್ಲಿ ‘ಹ್ಯೂಮನ್ ಬ್ರೈನ್ ಪ್ರಾಜೆಕ್ಟ್’ ಆರಂಭವಾಯಿತು. ಮರುವರ್ಷವೇ ನೂರಾರು ವಿಜ್ಞಾನಿಗಳು ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು. ಸುಮಾರು 60 ಕೋಟಿ ಯೂರೊ ವೆಚ್ಚವಾಗಿ 2023ರಲ್ಲಿ ಯೋಜನೆ ಮುಗಿಯಿತು. ಮಿದುಳಿನ ನಕಾಶೆಗಳು ಉಳಿದವು, ಉಪಯುಕ್ತ ಸಾಧನಗಳು ಉಳಿದವು, ಯಂತ್ರದೊಳಗೆ ಮಾನವ ಮಿದುಳು ಮಾತ್ರ ಮೂಡಲಿಲ್ಲ. ನಮ್ಮ ಮಿದುಳಿನ ನರಕೋಶಗಳು ಸುಮಾರು 8,600 ಕೋಟಿ. ಸ್ವಿಟ್ಜರ್ಲೆಂಡಿನ ‘ಬ್ಲೂ ಬ್ರೈನ್’ ತಂಡ 2015ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅನುಕರಣೆಯಲ್ಲಿದ್ದವು ಇಲಿಯ ಸುಮಾರು 31,000 ಕೋಶಗಳು. ಅದರಲ್ಲಿಯೂ ಬೆಸುಗೆಗಳ ಬಹುಭಾಗ ಅಳೆದದ್ದಲ್ಲ, ಕೆಲವನ್ನು ಅಳೆದು ಊಹಿಸಿದ್ದು. ಯಂತ್ರದ ವೇಗ ಹೆಚ್ಚಿದ ಮಾತ್ರಕ್ಕೆ ಅಳೆಯದ ಸಂಗತಿ ತಿಳಿಯುವುದಿಲ್ಲವಷ್ಟೆ.

ಆದ್ದರಿಂದಲೇ ನಮ್ಮ ನಾಡಿನ ಒಂದು ಕೆಲಸ ನನಗೆ ಹೆಚ್ಚು ಮೆಚ್ಚುಗೆಯಾಗಿದೆ. ಕ್ರಿಸ್ ಮತ್ತು ಸುಧಾ ಗೋಪಾಲಕೃಷ್ಣನ್ ದಂಪತಿಗಳ ಪ್ರತೀಕ್ಷಾ ಟ್ರಸ್ಟ್ 2014ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರಕ್ಕೆ ಹತ್ತು ವರ್ಷಗಳಲ್ಲಿ 225 ಕೋಟಿ ರೂಪಾಯಿ ಕೊಡುವುದಾಗಿ ಮುಂದೆ ಬಂತು. ಆ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಅನುಸರಿಸುವ ಅಧ್ಯಯನವನ್ನು ಕೈಗೊಂಡರು. ನೆನಪಿನ ಪರೀಕ್ಷೆ, ರಕ್ತ, ಮಿದುಳಿನ ಚಿತ್ರ, ಎಲ್ಲವೂ ಅದರಲ್ಲಿ ಸೇರಿವೆ. ಯಂತ್ರಕ್ಕೆ ಉಣಿಸಬೇಕಾದ ಅಕ್ಕಿ ಇದೇ ಎಂದು ನನ್ನ ಅಭಿಪ್ರಾಯ.

ಗೆಳೆಯರ ಹೆಂಡತಿಗೆ ನಾನು ಇದ್ದದ್ದನ್ನೇ ಹೇಳಿದೆ: ಇವರಿಗೆ ಆಗುವುದಿಲ್ಲ, ಮಕ್ಕಳ ಕಾಲಕ್ಕೆ ಆದರೂ ಆದೀತು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅಳೆಯುವವರು ನಮ್ಮ ಕಡೆಗೂ ಬರುತ್ತಾರೆಯೇ?” ಎಂದರು. ಶ್ರೀನಿವಾಸಪುರ ಇಲ್ಲಿಂದ ಬಹಳ ದೂರವೆಂದಷ್ಟೇ ಹೇಳಿ ಬಂದೆ.

(ಬಾನುಲಿ ಭಾಷಣ)