ತಂತ್ರಾಂಶದ ದೋಷವನ್ನು ತಿಳಿಸುವ ಬಗೆ

ಗಣಕಯಂತ್ರದಲ್ಲಾಗಲಿ ಕೈಫೋನಿನಲ್ಲಾಗಲಿ ಕನ್ನಡವನ್ನು ಓದುವವರು 'ರ‍್ಯಾಂಕ್' ಎಂಬ ಪದವನ್ನು ಒಮ್ಮೆಯಾದರೂ ವಿಕಾರವಾಗಿ ಕಂಡಿರುತ್ತಾರೆ. ರಕಾರಕ್ಕೆ ಯಕಾರದ ಒತ್ತು ಬರಬೇಕಾದ ಕಡೆ ಯಕಾರವೇ ಮುಂದಾಗಿ, ಅದರ ಬೆನ್ನಿಗೆ ಅರ್ಕಾವತ್ತು ಅಂಟಿಕೊಂಡಿರುತ್ತದೆ. 'ಕಾರ್ಯ', 'ಸೂರ್ಯ' ಮೊದಲಾದ ಪದಗಳಲ್ಲಿ ಅರ್ಕಾವತ್ತೇ ರೂಢಿ. ಪದದ ಮೊದಲಿಗೇ ಅದು ಬಂದರೆ ಓದುಗನು ಮುಗ್ಗರಿಸುತ್ತಾನೆ. ವಿದ್ಯಾರ್ಥಿಗಳಾದ ನಾವು ಊಹಿಸಿ ಓದಿಕೊಂಡೇವು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲೇರಿದವನು ನಾನೇ ಮೊದಲಿಗ. ನಾಲ್ಕನೆಯ ತರಗತಿಗೆ ಓದು ಬಿಟ್ಟ ನನ್ನ ತಾಯಿ, ಅಕ್ಷರ ತಪ್ಪಾಗಿ ಮೂಡಿದರೆ ತನಗೇ ಓದು ಬಾರದೆಂದುಕೊಂಡು ಫೋನನ್ನು ಕೆಳಗಿಡುತ್ತಾರೆ. ಇಂಥ ದೋಷವನ್ನು ಯಾರಿಗೆ, ಹೇಗೆ ತಿಳಿಸಬೇಕೆಂಬುದನ್ನು ಕಲಾ ವಿಭಾಗದವರೂ ಅರಿತಿರುವುದು ಒಳ್ಳೆಯದು.

ಪರದೆಯ ಮೇಲೆ ಅಕ್ಷರಗಳನ್ನು ಜೋಡಿಸುವ ಕೆಲಸವನ್ನು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಇವೆಲ್ಲವುಗಳಲ್ಲಿಯೂ ಮಾಡುವುದು ಹಾರ್ಫ್‌ಬಜ್ ಎಂಬ ಒಂದೇ ತಂತ್ರಾಂಶ. 'ಹರ್ಫ್' ಎಂದರೆ ಅಕ್ಷರವೆಂದು ಶಿವಾಜಿನಗರದಲ್ಲಿ ಉರ್ದು ಬಲ್ಲ ಯಾರನ್ನು ಕೇಳಿದರೂ ಹೇಳಿಯಾರು. 'ಬಾಜ್' ಎಂದರೆ ಪಾರಸಿಯಲ್ಲಿ ತೆರೆದದ್ದು. ಹೆಸರಿಗೆ ತಕ್ಕಂತೆ ಇದು ಮುಕ್ತ ತಂತ್ರಾಂಶ. ಇದರ ಒಳಬರಹವನ್ನು ಯಾರು ಬೇಕಾದರೂ ಓದಬಹುದು, ದೋಷ ಕಂಡರೆ ಬಹಿರಂಗವಾಗಿ ದೂರು ಸಲ್ಲಿಸಬಹುದು. ಇಂಥ ತಂತ್ರಾಂಶಗಳ ಪಾಲಕರಲ್ಲಿ ಅನೇಕರು ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ದುಡಿಯುವವರು. ಅವರಿಗೆ ಕನ್ನಡ ಬಾರದೆ ಇರುವುದೇ ಹೆಚ್ಚು. ದೂರು ಬರೆಯುವವನು ಈ ಎರಡು ಸಂಗತಿಗಳನ್ನು ಮರೆಯಬಾರದು.

ಶಿವಾಜಿನಗರದ ಗುಜರಿಗೆ ಗಾಡಿಯನ್ನು ಒಯ್ದು "ಕೆಟ್ಟಿದೆ" ಎಂದಷ್ಟೇ ಹೇಳಿದರೆ ಮೇಸ್ತ್ರಿ ಏನು ಮಾಡಿಯಾನು? ಸದ್ದು ಯಾವಾಗ ಬರುತ್ತದೆ, ಏರಿನಲ್ಲೋ ಇಳಿಜಾರಿನಲ್ಲೋ, ಎಂಜಿನ್ ತಣ್ಣಗಿರುವಾಗಲೋ ಎಂದು ಅವನು ಒಂದೊಂದಾಗಿ ಕೇಳುತ್ತಾನೆ. ಅಲ್ಲಿ ಗಾಡಿ ಎದುರಿಗಿರುತ್ತದೆ. ತಂತ್ರಾಂಶದ ಪಾಲಕನಿಗಾದರೋ ನಮ್ಮ ಫೋನು ಕಾಣದು. ಕಾಗದದಲ್ಲಿ ಬರೆದದ್ದಷ್ಟೇ ಅವನ ಪಾಲಿಗೆ ಗಾಡಿ. "ಕನ್ನಡ ಸರಿಯಾಗಿ ಬರುತ್ತಿಲ್ಲ, ಕೂಡಲೆ ಸರಿಪಡಿಸಿ" ಎಂಬ ದೂರು ಅವನ ಕೈಗೆ ಏನನ್ನೂ ಕೊಡುವುದಿಲ್ಲ.

ಮೊದಲು ತಪ್ಪು ಯಾರದೆಂದು ನೋಡಬೇಕು. ಅಕ್ಷರ ತಪ್ಪಾಗಲು ಕೀಲಿಮಣೆ ಕಾರಣವಿರಬಹುದು, ಫಾಂಟ್ ಕಾರಣವಿರಬಹುದು, ಜೋಡಿಸುವ ತಂತ್ರಾಂಶವೂ ಇರಬಹುದು. ಫಾಂಟನ್ನು ಬದಲಿಸಿದೊಡನೆ ಪದ ಸರಿಯಾದರೆ ದೂರು ಫಾಂಟಿನವರಿಗೆ ಸಲ್ಲತಕ್ಕದ್ದು. ಯಾವ ಫಾಂಟಿನಲ್ಲಿಯೂ ಸರಿಬಾರದಿದ್ದರೆ ಪದವನ್ನೇ ಬಿಡಿಸಿ ನೋಡಬೇಕು. ಯೂನಿಕೋಡ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಚಿಹ್ನೆಗೂ ಒಂದು ಸಂಖ್ಯೆಯುಂಟು. 'ಕಾರ್ಯ'ದ ಕೊನೆಯಲ್ಲಿರುವುದು 3248, 3277, 3247, ಅಂದರೆ ರಕಾರ, ಹಲಂತ, ಯಕಾರ. 'ರ‍್ಯಾಂಕ್'ಗೆ ರಕಾರದ ನಂತರ 8205 ಎಂಬ ಕಣ್ಣಿಗೆ ಕಾಣದ ಜೋಡಕವೊಂದು ಬೇಕು. ಅದನ್ನು ಹಾಕದ ಕೀಲಿಮಣೆಯಿಂದ ಬರೆದಿದ್ದರೆ ಹಾರ್ಫ್‌ಬಜ್‌ನದು ಏನೂ ತಪ್ಪಿಲ್ಲ.

ಆಮೇಲೆ ದೂರು. ಯಾವ ತಂತ್ರಾಂಶ, ಅದರ ಯಾವ ಆವೃತ್ತಿ, ಯಾವ ಫಾಂಟ್. ಏನು ಮಾಡಿದೆ, ಏನು ಕಾಣಬೇಕಾಗಿತ್ತು, ಏನು ಕಂಡಿತು. ಪರದೆಯ ಚಿತ್ರ ಮತ್ತು ಪದದ ಪಠ್ಯ ಎರಡನ್ನೂ ಕಳುಹಿಸಬೇಕು. ಬರಿಯ ಚಿತ್ರದಿಂದ ಕನ್ನಡವರಿಯದ ಪಾಲಕನು ಪದವನ್ನು ಟೈಪು ಮಾಡಲಾರ; ಬರಿಯ ಪಠ್ಯವು ಅವನ ಯಂತ್ರದಲ್ಲಿ ಸರಿಯಾಗಿಯೇ ಕಂಡೀತು. ಸಂಖ್ಯೆಗಳನ್ನೂ ಕೊಟ್ಟರೆ ಸಂಶಯಕ್ಕೆ ಎಡೆಯೇ ಇಲ್ಲ. ಕೃಷ್ಣರಾಜಪುರದ ಕಡೆಯ ಕನ್ನಡ ಮಾಧ್ಯಮದ ಶಾಲೆಗಳಿಂದ ಬಂದ ನನ್ನ ಸಹಪಾಠಿಗಳು ಇಂಗ್ಲಿಷಿನಲ್ಲಿ ಬರೆಯಬೇಕಲ್ಲಾ ಎಂದು ಹಿಂಜರಿಯುವುದುಂಟು. ಚಿತ್ರ, ಪದ, ಸಂಖ್ಯೆ ಇವು ಮೂರೂ ಇದ್ದರೆ ನಾಲ್ಕು ಮುರುಕು ವಾಕ್ಯಗಳು ಧಾರಾಳವಾಗಿ ಸಾಕು. ಸೊಗಸಾದ ಇಂಗ್ಲಿಷಿನ ಗೊಣಗಾಟಕ್ಕಿಂತ ಅವು ಎಷ್ಟೋ ಮೇಲು!

ಇಂಥ ದೂರಿಗೆ ಬೆಲೆಯುಂಟೆಂಬುದಕ್ಕೆ ಸಾಕ್ಷ್ಯವು ಹಾರ್ಫ್‌ಬಜ್‌ನ ಒಳಬರಹದಲ್ಲಿಯೇ ಇದೆ. ಹಳೆಯ ಕನ್ನಡ ಬರಹಗಳಲ್ಲಿ ಆ ಜೋಡಕವನ್ನು ಹಲಂತದ ನಂತರ ಇಡುತ್ತಿದ್ದುದುಂಟು; ಈಗಿನ ಕ್ರಮದಲ್ಲಿ ಅದು ಹಲಂತಕ್ಕೆ ಮೊದಲು ಬರುತ್ತದೆ. ಹಳೆಯ ಬರಹವೂ ಕೆಡದಂತೆ ಎರಡನ್ನೂ ಒಂದೇ ಎಂದು ಎಣಿಸುವ, ಕನ್ನಡಕ್ಕೆಂದೇ ಇರುವ ಕೆಲವು ಸಾಲುಗಳನ್ನು ಅಲ್ಲಿ ಸೇರಿಸಿದ್ದಾರೆ. ವಿವರಕ್ಕೆ 435ನೆಯ ದೂರನ್ನು ನೋಡಿ ಎಂಬ ಟಿಪ್ಪಣಿಯೂ ಅದರ ಪಕ್ಕದಲ್ಲಿದೆ.

ಹೊಸ ದೂರನ್ನು ಬರೆಯುವ ಮುನ್ನ ಹಳೆಯ ದೂರುಗಳನ್ನು ಹುಡುಕಬೇಕು. ಅದೇ ದೋಷ ಅಲ್ಲಿದ್ದರೆ ನಮ್ಮ ವಿವರವನ್ನು ಅದರ ಕೆಳಗೇ ಸೇರಿಸಬಹುದು. ಪಾಲಕನು ಮರುಪ್ರಶ್ನೆ ಕೇಳಿದರೆ ಉತ್ತರಿಸಬೇಕು. ದೂರೆಸೆದು ಮಾಯವಾಗುವವರೇ ಬಹಳ. ತಿದ್ದುಪಡಿಯಾದ ಮೇಲೂ ಅದು ಹಲಸೂರಿನ ಒಂದು ಫೋನಿಗೆ ತಲುಪಲು ತಿಂಗಳುಗಳು ಹಿಡಿಯಬಹುದು. ತಯಾರಕರು ಹೊಸ ಆವೃತ್ತಿ ಕಳುಹಿಸುವುದನ್ನು ನಿಲ್ಲಿಸಿದ ಹಳೆಯ ಫೋನುಗಳ ವ್ಯವಸ್ಥೆಗೆ ಅದು ತಲುಪುವುದೇ ಇಲ್ಲ. ಅಂಥವುಗಳಲ್ಲಿ ಫೈರ್‌ಫಾಕ್ಸಿನಂತೆ ತನ್ನದೇ ಹಾರ್ಫ್‌ಬಜ್ ಹೊತ್ತು ಬರುವ ಬ್ರೌಸರನ್ನು ಹೊಸದು ಮಾಡಿಕೊಂಡು, ಅದರಲ್ಲಿ ಪದವನ್ನು ಮತ್ತೊಮ್ಮೆ ನೋಡಬಹುದು.