ಕಿವಿಯಲ್ಲಿ ಕಥೆ, ಕಾಲಡಿ ಭಟ್ಕಳ

ಪ್ರಶ್ನೆ: ಮಾರ್ಗದರ್ಶಿಯಿಲ್ಲದೆ, ಮೊಬೈಲ್‌ನ ಧ್ವನಿ ಕೇಳುತ್ತ ಭಟ್ಕಳ ಸುತ್ತಬಹುದೇ?

ಉತ್ತರ: ಖಂಡಿತ ಸುತ್ತಬಹುದು. ಈ ಪದ್ಧತಿ ಹೊಸದೇನಲ್ಲ. ಆಮ್‌ಸ್ಟರ್‌ಡ್ಯಾಮ್‌ನ ಸ್ಟೆಡೆಲಿಕ್ ಮ್ಯೂಸಿಯಂ 1952ರಲ್ಲೇ ಪ್ರೇಕ್ಷಕರ ಕಿವಿಗೆ ರೇಡಿಯೊ ವಿವರಣೆ ತಲುಪಿಸಿತ್ತು. ಭಟ್ಕಳದ ಮಟ್ಟಿಗೆ ಒಂದೊಂದು ತಾಣಕ್ಕೂ ಮೂರು ನಿಮಿಷದ ಧ್ವನಿಮುದ್ರಣ ಮನೆಯಲ್ಲೇ ಮಾಡಿಕೊಂಡು ಹೊರಟರೂ ಸಾಕು.

ಮೊದಲು ಮೂಡಭಟ್ಕಳ. 16ನೆಯ ಶತಮಾನದ ಖೇತಪೈ ನಾರಾಯಣ ದೇವಾಲಯದ ಎದುರು ಧ್ವನಿಯನ್ನು ನಿಲ್ಲಿಸಿ ಕಣ್ಣಿಗೆ ಕೆಲಸ ಕೊಡಬೇಕು. ಕರಾವಳಿಯ ಮಳೆಗೆಂದೇ ಇಳಿಜಾರಾದ ಚಾವಣಿ, ಅದೂ ಕಲ್ಲಿನ ಹಾಸುಗಳದ್ದು! ಮರಗೆಲಸದ ಹದವನ್ನು ಕಲ್ಲಿಗೆ ತಂದವರ ಕೈಚಳಕವಿದು. ಗೋಡೆಯ ಮೇಲೆ ಸಾಲಾಗಿ ರಾಮಾಯಣದ ಶಿಲ್ಪಗಳು. ಇಲ್ಲಿ ಅರ್ಧ ಗಂಟೆಯಾದರೂ ಬೇಕು.

ಪಟ್ಟಣದ ಚಂದ್ರನಾಥೇಶ್ವರ ಬಸದಿಯಲ್ಲೂ ಅದೇ ಇಳಿಜಾರು ಕಾಣುತ್ತದೆ.

ಬಂದರಿನ ದಾರಿಯಲ್ಲಿ ಕೇಳಬೇಕಾದ್ದು ವ್ಯಾಪಾರದ ಕಥೆ. ವಿಜಯನಗರದ ಕಾಲದಲ್ಲಿ ಕುದುರೆಗಳು ಇಲ್ಲಿ ಇಳಿಯುತ್ತಿದ್ದವು, ಅಕ್ಕಿ, ಮೆಣಸು ಹಡಗೇರುತ್ತಿದ್ದವು. 1542ರಲ್ಲಿ ಪೋರ್ಚುಗೀಸರು ಊರನ್ನು ಸುಟ್ಟರು. ಮುಂದೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರೇ ‘ಮೆಣಸಿನ ರಾಣಿ’ ಎಂದು ಕರೆದರು. ನವಾಯತ ಮುಸ್ಲಿಮರ ಓಣಿಗೆ ಬಂದಾಗ ಮಾತ್ರ ಇಯರ್‌ಫೋನ್ ತೆಗೆದಿಡುವುದೇ ಲೇಸು: ಕೊಂಕಣಿಗೆ ಅರಬಿ, ಪಾರಸಿ ಬೆರೆತ ನವಾಯತಿ ನುಡಿಯನ್ನು ಯಾವ ಧ್ವನಿಮುದ್ರಣಕ್ಕಿಂತಲೂ ಬೀದಿಯೇ ಚೆನ್ನಾಗಿ ಕೇಳಿಸುತ್ತದೆ.

ಸಮಯವಿದ್ದರೆ ಹೊನ್ನಾವರಕ್ಕೂ ಒಂದು ಕಂತು ಇರಲಿ. 14ನೆಯ ಶತಮಾನದಲ್ಲಿ ಅಲ್ಲಿಗೆ ಬಂದ ಪ್ರವಾಸಿ ಇಬ್ನ್ ಬತೂತಾ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡೆನೆಂದು ದಾಖಲಿಸಿದ್ದಾನೆ. ಇನ್ನೂ ಮುಂದೆ ಹೋಗುವುದಾದರೆ, ಕುಮಟಾ ಬಳಿಯ ಮಿರ್ಜಾನ್ ಕೋಟೆಗೆ ಬೆಳಗಿನ ಹೊತ್ತು ಹಿತ.